ಮಂಗ ಒಡೆದ ಹೆಂಚು

ಬೆಳಿಗ್ಗೆ ಮಂಗಗಳು ಬಚ್ಚಲುಮನೆಯ ಮಾಡಿನ ಮೇಲೆ ಕುಣಿದು ಮೂರು ಹೆಂಚು ಒಡೆದವು. ತೀರ್ಥಹಳ್ಳಿ ಕಡೆ ಇದೇನು ಸುದ್ದಿಯಲ್ಲ ಬಿಡಿ.

ಚೂರು ಆರಿಸುವಾಗ ಒಂದರ ಪಾಚಿ ಕೆರೆದು ನೋಡಿದೆ. 1865 ಎಂಬ ಅಂಕಿ!

ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಹೆಂಚಿನ ಕಾರ್ಖಾನೆ ತೆರೆದ ವರ್ಷ ಅದು. ನಮ್ಮ ಮನೆಗೆ ಅಷ್ಟು ವಯಸ್ಸಾಗಿಲ್ಲ. ಆದರೂ ಆ ಹೆಂಚು ಘಟ್ಟ ಹತ್ತಿ ಬಂದು ಎಷ್ಟು ಮಳೆಗಾಲ ನೆನೆದಿತ್ತೋ, ನಾವು ಕೆಳಗೆ ಬೆಚ್ಚಗೆ ಹಂಡೆಯ ನೀರು ಸುರಿದುಕೊಳ್ಳುತ್ತಿದ್ದೆವು. ಅಪ್ಪ ಆ ಚೂರನ್ನು ಬಿಸಾಡಲು ಬಿಡದೆ ಜಗಲಿಯ ಮೇಲಿಟ್ಟರು.

ಪಕ್ಕದ ಮನೆ ಎಂದರೆ ನಮಗೆ ತೋಟ ಇಳಿದು, ಹಳ್ಳದ ಸಂಕ ದಾಟಿ, ಆಚೆ ದಿಬ್ಬದಲ್ಲಿ. ಅಲ್ಲಿಂದ ಆಗಲೇ ಕೂಗು:

“ನಿಮ್ಮಲ್ಲಿಗೂ ಬಂದಿದ್ದವೇನು ಮಾರಾಯರೇ? ಹಳೆಯ ಹೆಂಚು ನಾಲ್ಕಿವೆ, ಕಳಿಸಲೇ?”