ಕೆಮಿಸ್ಟ್ರಿಯೂ ಬೇಕು, ಮಡಕೆಯೂ ಬೇಕು

ನಾನು ಪಾಠ ಮಾಡುವುದು ಕೆಮಿಸ್ಟ್ರಿ, ಕೆಲಸ ಇರುವುದು ಆರ್ಟ್ಸ್ ಕಾಲೇಜಿನಲ್ಲಿ. ಇದನ್ನು ನೆಂಟರಿಗೆ ವಿವರಿಸಿ ವಿವರಿಸಿ ಅಮ್ಮನಿಗೆ ಸಾಕಾಗಿದೆ. "ಪಿಎಚ್‌ಡಿ ಮಾಡ್ಕೊಂಡು ಅಲ್ಲಿವರೆಗೂ ಹೋಗಿ ಆರ್ಟ್ಸ್ ಕಾಲೇಜಾ, ಪಾಪ" ಅಂದರಂತೆ ಒಬ್ಬರು. ಈಗೀಗ ಅಮ್ಮ "ಯೂನಿವರ್ಸಿಟೀಲಿ ಇದ್ದಾಳೆ" ಅಂದು ಮಾತು ಮುಗಿಸಿಬಿಡುತ್ತಾಳೆ.

ಅಮೆರಿಕದ ಒಹಾಯೊ ರಾಜ್ಯದ ಈ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗಿಗೆ, ಬಿಸಿನೆಸ್ಸಿಗೆ ಬೇರೆ ಬೇರೆ ಕಾಲೇಜು. ಫಿಸಿಕ್ಸು, ಚರಿತ್ರೆ, ಗಣಿತ, ನಾಟಕ, ಭಾಷೆಗಳು ಎಲ್ಲ ನಮ್ಮ ಪಾಲಿಗೆ. ಯುರೋಪಿನ ಹಳೆಯ ವಿಶ್ವವಿದ್ಯಾಲಯಗಳಲ್ಲಿ ಏಳು ವಿದ್ಯೆ ಕಲಿಸುತ್ತಿದ್ದರು. ವ್ಯಾಕರಣ, ತರ್ಕ, ಮಾತುಗಾರಿಕೆ ಒಂದು ಗುಂಪು. ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ ಇನ್ನೊಂದು ಗುಂಪು. ನಮ್ಮ ಕಾಲೇಜು ಅದೇ ಮನೆತನದ್ದು. ಸಂಗೀತವನ್ನು ಗಣಿತದ ಪಕ್ಕ ಕೂರಿಸಿದವರಿಗೆ ಕೆಮಿಸ್ಟ್ರಿ ಯಾವ ಲೆಕ್ಕ?

ಮೊನ್ನೆ ಅಡ್ವೈಸಿಂಗ್ ವಾರ. ಮುಂದಿನ ಸೆಮಿಸ್ಟರಿಗೆ ಏನು ಓದಬೇಕು ಅಂತ ಮಕ್ಕಳು ಒಬ್ಬೊಬ್ಬರಾಗಿ ನನ್ನ ಕೋಣೆಗೆ ಬರಬೇಕು. ನಾನು ಕಂಪ್ಯೂಟರಿನಲ್ಲಿ ಒಪ್ಪಿಗೆ ಕೊಡುವ ತನಕ ಅವರಿಗೆ ರಿಜಿಸ್ಟ್ರೇಷನ್ ತೆರೆಯುವುದಿಲ್ಲ. ಹೆಚ್ಚಿನವರು ಐದು ನಿಮಿಷದಲ್ಲಿ ಎದ್ದು ಹೋಗುತ್ತಾರೆ. ಈ ಹುಡುಗಿ ಮಾತ್ರ ಕೂತೇ ಇದ್ದಳು. ಎರಡನೇ ವರ್ಷ ಮುಗಿಯುತ್ತಾ ಬಂದಿದೆ, ಇನ್ನು ಮೇಜರ್, ಅಂದರೆ ಪದವಿಯ ಮುಖ್ಯ ವಿಷಯ, ಯಾವುದು ಅಂತ ಹೇಳಲೇಬೇಕು. ಉಗುರಿನ ಸಂದಿಯಲ್ಲಿ ಒಣಗಿದ ಜೇಡಿಮಣ್ಣು. ಕೆಮಿಸ್ಟ್ರಿ ಮತ್ತು ಸೆರಾಮಿಕ್ಸ್, ಎರಡೂ ಬೇಕು ಅಂದಳು.

ಅವಳ ಊರು ಇದೇ ಒಹಾಯೊದ ಈಸ್ಟ್ ಲಿವರ್‌ಪೂಲ್ ಕಡೆ. ಒಂದು ಕಾಲಕ್ಕೆ ಪಿಂಗಾಣಿ ಕಾರ್ಖಾನೆಗಳಿಗೆ ಹೆಸರಾದ ಜಾಗ. ಅವಳಜ್ಜಿ ಅಲ್ಲಿ ತಟ್ಟೆಗಳ ಅಂಚಿಗೆ ಚಿನ್ನದ ಗೆರೆ ಎಳೆಯುತ್ತಿದ್ದಳಂತೆ.

"ಗ್ಲೇಜಿಗೆ, ಅಂದ್ರೆ ಮಡಕೆ ಮೇಲಿನ ಗಾಜಿನಂಥ ಲೇಪಕ್ಕೆ, ಹಾಕಿದ್ದು ಅದೇ ತಾಮ್ರ. ಒಂದು ಸಲ ಹಸಿರು ಬಂತು, ಇನ್ನೊಂದು ಸಲ ಕೆಂಪು. ಯಾಕೆ ಅಂತ ಕೇಳಿದ್ದಕ್ಕೆ ಕುಂಬಾರಿಕೆ ಮೇಷ್ಟ್ರು, ಕೆಮಿಸ್ಟ್ರಿ ಕ್ಲಾಸಿಗೆ ಹೋಗು ಅಂದ್ರು. ಅದಕ್ಕೇ ಬಂದೆ."

ಫೋನಿನಲ್ಲಿ ಒಂದು ಬಟ್ಟಲು ತೋರಿಸಿದಳು. ಹೊಟ್ಟೆಯೆಲ್ಲ ದನದ ರಕ್ತದಂಥ ಕೆಂಪು, ಬಾಯಿಯ ಅಂಚಿನಲ್ಲಿ ಮಾತ್ರ ತೆಳು ಹಸಿರು. ಮಡಕೆ ಸುಡುವ ಗೂಡಿನೊಳಗೆ ಗಾಳಿ ಧಾರಾಳವಾಗಿದ್ದರೆ ತಾಮ್ರ ಹಸಿರು. ಗಾಳಿ ಕಮ್ಮಿ ಮಾಡಿದರೆ ಬೆಂಕಿ ತನಗೆ ಬೇಕಾದ ಆಮ್ಲಜನಕವನ್ನು ಗ್ಲೇಜಿನಿಂದಲೇ ಕಿತ್ತುಕೊಳ್ಳುತ್ತದೆ, ಆಗ ಕೆಂಪು. ಅಂಚಿಗೆ ಎಲ್ಲಿಂದಲೋ ಗಾಳಿ ತಗುಲಿತ್ತು. ಇದನ್ನು ನಾನು ಹೇಳಿಕೊಡಬೇಕಾಗಲಿಲ್ಲ, ಅವಳೇ ನನಗೆ ಹೇಳಿದಳು. ಎರಡೂ ಮೇಜರ್ ತಗೊಂಡರೆ ಟೈಮ್‌ಟೇಬಲ್ ಕಷ್ಟ ಅಂತ ನಾನು ಗೊಣಗುತ್ತಿದ್ದಾಗ ಕೇಳಿದಳು: "ನೀವು ಕೆಮಿಸ್ಟ್ರಿ ಯಾವಾಗ ಆರಿಸಿಕೊಂಡ್ರಿ?"

"ನಿನಗಿಂತ ತುಂಬಾ ಮುಂಚೆ. ಹತ್ತನೇ ಕ್ಲಾಸ್ ಆದ ಕೂಡಲೇ ಅಪ್ಪ ಅರ್ಜಿ ತುಂಬಿದರು."

"ಅಂದ್ರೆ ಆರಿಸಿದ್ದು ನಿಮ್ಮಪ್ಪ."

ಕುಹಕವಿರಲಿಲ್ಲ, ಸುಮ್ನೆ ಸರಿಪಡಿಸಿದಳು ಅಷ್ಟೆ. ಆದರೂ ಚುರುಕ್ ಎಂದಿತು.

ನಮ್ಮಪ್ಪ ಜೋರಿನ ಮನುಷ್ಯ ಏನಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆ ಮಾರ್ಕ್ಸ್ ಬಂತು, ಪಿಸಿಎಂಬಿ ಕ್ಯೂನಲ್ಲಿ ನಿಂತರು. ಚರಿತ್ರೆ ಓದಬೇಡ ಅಂತ ಯಾರೂ ನನಗೆ ಹೇಳಲಿಲ್ಲ, ಓದ್ತೀಯಾ ಅಂತಲೂ ಯಾರೂ ಕೇಳಲಿಲ್ಲ. ಆರ್ಟ್ಸ್ ಸೇರಿದ ಗೆಳತಿಯನ್ನು ಮಾತ್ರ ಬೀದಿಯಲ್ಲಿ ಸಿಕ್ಕವರೆಲ್ಲ ಕೇಳುತ್ತಿದ್ದರು, "ಯಾಕಮ್ಮಾ, ಮಾರ್ಕ್ಸ್ ಬರಲಿಲ್ವಾ?"

ತಾಮ್ರವನ್ನು ನಾವೂ ನೋಡಿದ್ದೆವು. ಪಿಯುಸಿ ಪ್ರಾಕ್ಟಿಕಲ್ಸಿನ ಸಾಲ್ಟ್ ಅನಾಲಿಸಿಸ್. ಬರ್ನರಿಗೆ ಹಿಡಿದರೆ ಹಸಿರು ಜ್ವಾಲೆ ಚಿಮ್ಮಬೇಕು. ಚಿಮ್ಮುವ ಮೊದಲೇ ಅಟೆಂಡರ್ ಪಕ್ಕದಲ್ಲಿ ಹಾದುಹೋಗುತ್ತಾ "ಕಾಪರ್, ಸಲ್ಫೇಟ್" ಅಂದುಬಿಡುತ್ತಿದ್ದ. ನಾವು ರೆಕಾರ್ಡಿನಲ್ಲಿ ನೀಟಾಗಿ ಬರೆದು ಸಹಿ ಹಾಕಿಸಿಕೊಳ್ಳುತ್ತಿದ್ದೆವು. ಹಸಿರೇ ಯಾಕೆ ಅಂತ ಒಬ್ಬ ಹುಡುಗ ಕೇಳಿದ್ದ. ಸರ್ ಸಿಟ್ಟು ಮಾಡಲಿಲ್ಲ, "ಆಮೇಲೆ ಬಾ, ಹೇಳ್ತೀನಿ" ಅಂದರು. ಹಿಂದೆ ಇನ್ನೊಂದು ಬ್ಯಾಚ್ ಕಾಯುತ್ತಿತ್ತು. ಆ 'ಆಮೇಲೆ' ಬರಲೇ ಇಲ್ಲ. ಅವರಿಗೂ ನನ್ನ ಹಾಗೆ ಒಂದು ಕೋಣೆ, ಒಂದು ಕುರ್ಚಿ, ಅರ್ಧ ಗಂಟೆ ಪುರುಸೊತ್ತು ಇದ್ದಿದ್ದರೆ ಅವರೂ ಕೂರಿಸಿಕೊಂಡು ಹೇಳುತ್ತಿದ್ದರು.

ನಮ್ಮಲ್ಲೂ ಬದಲಾವಣೆ ಬಂದಿತ್ತಲ್ಲ. 2021ರಲ್ಲಿ ಹೊಸ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿ ಮಾಡಿದ್ದು ಕರ್ನಾಟಕ. ನಾಲ್ಕು ವರ್ಷದ ಡಿಗ್ರಿ, ಬೇರೆ ವಿಭಾಗದ ಓಪನ್ ಎಲೆಕ್ಟಿವ್ ಎಲ್ಲ ಬಂತು. 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ವಾಪಸ್. ನಡುವೆ ಸಿಕ್ಕಿಕೊಂಡ ಅಕ್ಕನ ಮಗಳನ್ನು ಕೇಳಿದೆ, ಏನೇನು ಆರಿಸಿಕೊಂಡೆ ಅಂತ. "ಚಿಕ್ಕಮ್ಮ, ನಮ್ ಕಾಲೇಜಲ್ಲಿ ಆ ಹೊತ್ತಿಗೆ ಯಾವ ಮೇಡಂ ಫ್ರೀ ಇರ್ತಿದ್ರೋ ಅದೇ ನಮ್ ಆಯ್ಕೆ" ಅಂದಳು.

ಇಲ್ಲಿನ ಆಯ್ಕೆಯೂ ಪುಕ್ಕಟೆ ಬಂದದ್ದಲ್ಲ. ಹುಡುಗಿಯನ್ನು ಕೆಮಿಸ್ಟ್ರಿಗೆ ಕಳಿಸಿದ ಕುಂಬಾರಿಕೆ ಮೇಷ್ಟ್ರು ಅಡ್ಜಂಕ್ಟ್. ಕೋರ್ಸಿಗೆ ಇಷ್ಟು ಅಂತ ಸಂಬಳ, ಮುಂದಿನ ಸೆಮಿಸ್ಟರಿನ ಗ್ಯಾರಂಟಿ ಇಲ್ಲ. ಬೆಳಗ್ಗೆ ಇಲ್ಲಿ, ಮಧ್ಯಾಹ್ನ ಇನ್ನೊಂದು ಊರಿನ ಕಾಲೇಜಿನಲ್ಲಿ. ಅವರ ಆಫೀಸು ಅಂದರೆ ಅವರ ಕಾರಿನ ಹಿಂದಿನ ಸೀಟು. 2023ರ ಕೊನೆಗೆ ನಮ್ಮ ಕರ್ನಾಟಕದ ಅತಿಥಿ ಉಪನ್ಯಾಸಕರು ಕೆಲಸ ಕಾಯಂ ಮಾಡಿ ಅಂತ ಮುಷ್ಕರ ಕೂತ ಸುದ್ದಿ ಓದುವಾಗ ನನಗೆ ಇವರದೇ ಮುಖ ಕಾಣುತ್ತಿತ್ತು. ನನ್ನ ಕೆಲಸ ಕಾಯಂ, ಅದಕ್ಕೇ ನನಗೆ ಮುಕ್ಕಾಲು ಗಂಟೆ ಕೂತು ಮಾತಾಡುವ ಐಷಾರಾಮ. ಇದರ ಮೇಲೆ 2025ರಲ್ಲಿ ಒಹಾಯೊ ರಾಜ್ಯ ಒಂದು ಕಾನೂನು ತಂದಿದೆ: ಮೂರು ವರ್ಷದ ಸರಾಸರಿ ತೆಗೆದಾಗ ವರ್ಷಕ್ಕೆ ಐದು ಜನವೂ ಪದವಿ ಪಡೆಯದ ವಿಷಯವನ್ನು ಸರ್ಕಾರಿ ವಿಶ್ವವಿದ್ಯಾಲಯ ಮುಚ್ಚಬೇಕು. ವಿನಾಯಿತಿ ಬೇಕಾದರೆ ಅರ್ಜಿ ಹಾಕಿಕೊಳ್ಳಬೇಕು. ವಿಷಯ ಒಳ್ಳೆಯದೋ ಅಲ್ಲವೋ ಅಂತ ಯಾರೂ ಕೇಳುವುದಿಲ್ಲ, ತಲೆ ಎಣಿಸುತ್ತಾರೆ. ಈಗ ನಮ್ಮ ಮೀಟಿಂಗುಗಳಲ್ಲಿ ಜಾಸ್ತಿ ಕೇಳಿಬರುವುದು ಇದೇ ಎಣಿಕೆ.

ಅವಳು ಬಂದುಹೋದ ಎರಡು ದಿನಕ್ಕೆ ಅವಳಪ್ಪ ಫೋನ್ ಮಾಡಿದರು. ವೆಲ್ಡರ್. ಮಗಳ ಮಾರ್ಕ್ಸ್ ಹೇಗಿದೆ ಅಂತ ಕೇಳಿದರು. 1974ರ ಒಂದು ಕಾನೂನಿದೆ, ಕಾಲೇಜು ಸೇರಿದ ಮಕ್ಕಳ ಅಂಕಗಳನ್ನು ಅವರ ಲಿಖಿತ ಒಪ್ಪಿಗೆ ಇಲ್ಲದೆ ನಾನು ಅಪ್ಪ ಅಮ್ಮನಿಗೆ ಹೇಳುವ ಹಾಗಿಲ್ಲ. ಹಾಗಂತ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಮುಂದಿನದು "ಇದರಲ್ಲಿ ಕೆಲಸ ಸಿಗತ್ತಾ" ಅನ್ನೋ ಪ್ರಶ್ನೆ ಅಂದುಕೊಂಡು ಉತ್ತರ ಹೊಂದಿಸಿಕೊಳ್ಳುತ್ತಿದ್ದೆ. ಸಾಲ ಮಾಡಿ ಓದಿಸುವವರು ಕೇಳಬೇಕಾದದ್ದೇ ಅದು.

"ಆ ಮಡಕೆ ಗೂಡು ಎಷ್ಟು ಬಿಸಿ ಆಗತ್ತೆ?" ಅಂದರು.

"ಸುಮಾರು 1,300 ಡಿಗ್ರಿ."

"ಫ್ಯಾರನ್‌ಹೀಟಲ್ಲಿ ಹೇಳಿ ಮೇಡಂ."

"2,350ರ ಹತ್ತಿರ."

"ಹಾಗಾದ್ರೆ ಒಳಗೆ ಹಳದಿ ಬೆಳಕು. ಆ ಬಿಸೀಲಿ ಉಕ್ಕೂ ಹಾಗೇ ಕಾಣತ್ತೆ. ಕಿಂಡೀಲಿ ನೋಡುವಾಗ ಕನ್ನಡಕ ಹಾಕ್ಕೋತಾಳಾ ಇವಳು?"

ಇದಕ್ಕೆ ಯಾವ ಕಾನೂನೂ ಅಡ್ಡ ಇರಲಿಲ್ಲ. ಆದರೆ ಉತ್ತರ ನನಗೆ ಗೊತ್ತಿರಲಿಲ್ಲ, ಕೇಳಿ ಹೇಳ್ತೀನಿ ಅಂದೆ. ತಮ್ಮ ಹತ್ತಿರ ಇನ್ನೊಂದು ಜೊತೆ ಇದೆ, ಯಾವ ವಿಳಾಸಕ್ಕೆ ಕಳಿಸಲಿ ಅಂದರು. ನಮ್ಮ ವಿಭಾಗದ ವಿಳಾಸವನ್ನೇ ಬರೆಸಿದೆ.