ಅರ್ಧ ಕಿಲೋಮೀಟರಿಗೊಂದು ಕಂಬ

ಹಾಂಗ್‌ಕಾಂಗಿಗೆ ಹೋಗಿದ್ದು ಆಫೀಸಿನ ಕೆಲಸಕ್ಕೆ. ನಾಲ್ಕು ದಿನ ಮೀಟಿಂಗ್, ಐದನೇ ದಿನ ರಾತ್ರಿ ವಾಪಸ್ ವಿಮಾನ. ಆ ಐದನೇ ದಿನದ ಹಗಲು ಮಾತ್ರ ನನ್ನದು. ಅದಕ್ಕಾಗಿಯೇ ಟ್ರೇಲ್ (ಅಂದರೆ ಕಾಡು, ಗುಡ್ಡದ ಕಾಲುದಾರಿ) ಓಟದ ಶೂ ಮತ್ತು ನೀರು ತುಂಬುವ ಬೆನ್ನುಚೀಲ ಬ್ಯಾಗಿನ ತಳ ಸೇರಿದ್ದವು.

ಹಾಂಗ್‌ಕಾಂಗ್ ಅಂದ ತಕ್ಷಣ ಎತ್ತರದ ಕಟ್ಟಡಗಳೇ ಕಣ್ಣಿಗೆ ಬರುತ್ತವೆ, ಅಲ್ವಾ? ಆದರೆ ಅಲ್ಲಿನ ನೆಲದಲ್ಲಿ ಸುಮಾರು ನೂರಕ್ಕೆ 40ರಷ್ಟು ಕಾಯ್ದಿಟ್ಟ ಕಾಡು, ಗುಡ್ಡ. ಗೊತ್ತಿಲ್ಲದ ಗುಡ್ಡದಲ್ಲಿ ಒಬ್ಬಳೇ ಓಡುವುದು ನನಗೆ ಇಷ್ಟ, ಭಯವೂ ಅಷ್ಟೇ. ಹಾಗಾಗಿ ಮೆಕ್ಲಿಹೋಸ್ ಟ್ರೇಲ್ ಆರಿಸಿಕೊಂಡೆ. 1979ರಲ್ಲಿ ತೆರೆದ ಈ ದಾರಿಯ ಉದ್ದ 100 ಕಿಲೋಮೀಟರ್, ಅದರಲ್ಲಿ ಹತ್ತು ಭಾಗ. ಪ್ರತಿ 500 ಮೀಟರಿಗೆ ಒಂದು ಕಂಬ ನೆಟ್ಟಿದ್ದಾರೆ, ಎಂ001ರಿಂದ ಎಂ200ರವರೆಗೆ. ಏನಾದರೂ ಆದರೆ ಫೋನಿನಲ್ಲಿ ಕಂಬದ ನಂಬರ್ ಹೇಳಿದರೆ ಸಾಕು, ನಾವು ಎಲ್ಲಿದ್ದೇವೆ ಅಂತ ರಕ್ಷಣೆಯವರಿಗೆ ಗೊತ್ತಾಗುತ್ತದೆ. ನಾನು ಓಡಬೇಕೆಂದುಕೊಂಡಿದ್ದು ಮೊದಲ ಎರಡು ಭಾಗ, ಒಟ್ಟು 24 ಕಿಲೋಮೀಟರ್. ಅಂದರೆ 48 ಕಂಬ.

ಡಿಸೆಂಬರಿನ ಬೆಳಗು. ಸೈ ಕುಂಗ್ ಪೇಟೆಯಿಂದ ಬಸ್ಸು ಹತ್ತಿ, ದಾರಿ ಶುರುವಾಗುವ ಪಾಕ್ ತಾಮ್ ಚುಂಗ್‌ನಲ್ಲಿ ಇಳಿದಾಗ ಸೂರ್ಯ ಆಗಷ್ಟೇ ಮೇಲೆ ಬಂದಿದ್ದ. ಮೊದಲ ಹತ್ತು ಕಿಲೋಮೀಟರ್ ಹೆಚ್ಚೂಕಡಿಮೆ ಡಾಂಬರು ರಸ್ತೆ. ಟ್ರೇಲ್ ಅಂತ ಬಂದವರಿಗೆ ಬೇಸರವಾಗಬಹುದು. ನನಗೆ ಆಗಲಿಲ್ಲ. ಎಡಕ್ಕೆ ಹೈ ಐಲ್ಯಾಂಡ್ ಜಲಾಶಯ, ಅಲುಗಾಡದ ನೀಲಿ ನೀರು. ಖಾಸಗಿ ಕಾರುಗಳನ್ನು ಸುಮ್ನೆ ಒಳಗೆ ಬಿಡುವುದಿಲ್ಲ. ನನ್ನ ಉಸಿರು, ಹಕ್ಕಿಗಳ ದನಿ, ಅಷ್ಟೇ.

ಈ ನೀರಿನ ಹಿಂದೆ ಒಂದು ದೊಡ್ಡ ಬವಣೆಯ ಕಥೆ ಇದೆ. 1963ರ ಬರದಲ್ಲಿ ಹಾಂಗ್‌ಕಾಂಗಿನ ನಲ್ಲಿಗಳಲ್ಲಿ ನಾಲ್ಕು ದಿನಕ್ಕೊಮ್ಮೆ ನಾಲ್ಕು ಗಂಟೆ ಮಾತ್ರ ನೀರು ಬರುತ್ತಿತ್ತು. ಕೊನೆಗೆ ಒಂದು ದ್ವೀಪ ಮತ್ತು ದಡದ ನಡುವಿನ ಸಮುದ್ರಕ್ಕೇ ಎರಡು ಕಡೆ ಅಣೆಕಟ್ಟು ಕಟ್ಟಿದರು. ಒಳಗಿನ ಉಪ್ಪುನೀರು ಹೊರಹಾಕಿ ಸಿಹಿನೀರು ತುಂಬಿದರು. 1978ರಲ್ಲಿ ಕೆಲಸ ಮುಗಿಯಿತು. ಪೂರ್ವದ ಅಣೆಕಟ್ಟಿನ ಮೇಲೆ ನಿಂತಾಗ ಒಂದು ಕಡೆ ಸಿಹಿನೀರು ತಣ್ಣಗೆ ಮಲಗಿತ್ತು, ಇನ್ನೊಂದು ಕಡೆ ಕಡಲು ಕಾಂಕ್ರೀಟ್ ತುಂಡುಗಳಿಗೆ ಅಪ್ಪಳಿಸುತ್ತಿತ್ತು. ನೀರು ಹೊತ್ತು ಓಡುವವಳಿಗೆ ಅದನ್ನು ದಾಟಿ ಹೋಗಲು ಮನಸ್ಸೇ ಬರಲಿಲ್ಲ.

ಪಕ್ಕದಲ್ಲೇ ಆರು ಮೂಲೆಯ ಕಲ್ಲಿನ ಕಂಬಗಳು, ಯಾರೋ ಕಡೆದು ಜೋಡಿಸಿದಂತೆ. ಸುಮಾರು 14 ಕೋಟಿ ವರ್ಷದ ಹಿಂದೆ ಜ್ವಾಲಾಮುಖಿಯ ಬೂದಿ ನಿಧಾನಕ್ಕೆ ಆರಿ, ಕುಗ್ಗಿ, ಹೀಗೆ ಸೀಳಿತಂತೆ. ಕೆಲವು ಕಡೆ ಕಂಬಗಳೇ ಬಾಗಿವೆ. ಪೂರ್ತಿ ಗಟ್ಟಿಯಾಗುವ ಮುಂಚೆ ನೆಲ ಅಲುಗಿದ ಗುರುತು ಅದು. ಕೈ ಇಟ್ಟು ನೋಡಿದೆ. ಬೆಳಗಿನ ಚಳಿ ಇನ್ನೂ ಕಲ್ಲಿನಲ್ಲೇ ಇತ್ತು.

ಲಾಂಗ್ ಕೆ ಕಡಲತೀರದಿಂದ ಎರಡನೇ ಭಾಗ ಶುರು. ಶುರುವಾಗುತ್ತಲೇ ಸೈ ವಾನ್ ಶಾನ್, 314 ಮೀಟರ್ ಎತ್ತರ. ಕೇಳಲು ಸಣ್ಣ ಅಂಕಿ. ಆದರೆ ಹತ್ತುವುದು ಸಮುದ್ರ ಮಟ್ಟದಿಂದ, ಹೆಚ್ಚಿನದು ಕಲ್ಲು ಮೆಟ್ಟಿಲು, ಒಂದು ಮರದ ನೆರಳೂ ಇಲ್ಲ. ಓಟ ಬಿಟ್ಟು, ತೊಡೆಯ ಮೇಲೆ ಕೈ ಊರಿ ನಡೆದೆ. ಟ್ರೇಲ್‌ನಲ್ಲಿ ಏರು ಬಂದಾಗ ನಡೆಯುವುದು ಸೋಲಲ್ಲ, ಅದೂ ಓಟದ್ದೇ ಭಾಗ. ಮುಂದಿನ ಕಂಬ ಸಿಗಲಿ, ಆಮೇಲೆ ಒಂದು ಗುಟುಕು ನೀರು ಅಂತ ನನಗೆ ನಾನೇ ಹೇಳಿಕೊಂಡೆ. ಹಾಗೇ ಕಂಬದಿಂದ ಕಂಬಕ್ಕೆ ತುದಿ ಮುಟ್ಟಿದೆ.

ಇಳಿಯುವಾಗ ಎಡವಟ್ಟಾಯಿತು. ಸಡಿಲ ಜಲ್ಲಿಯ ಮೇಲೆ ಕಾಲು ಜಾರಿ, ಪಾದ ಉಳುಕಿ, ಅಂಗೈ ತರಚಿತು. ಕುಳಿತುಬಿಟ್ಟೆ. ಸುತ್ತ ಯಾರೂ ಇಲ್ಲ. ಎದೆ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ವಯಸ್ಸಾದ ಗಂಡ ಹೆಂಡತಿ ಹತ್ತಿ ಬಂದರು. ನಮ್ಮ ನಡುವೆ ಒಂದು ಭಾಷೆಯೂ ಇರಲಿಲ್ಲ. ಆ ಅಮ್ಮ ನನ್ನ ಕಾಲು ನೋಡಿದರು. ಹತ್ತಿರದ ಕಂಬ ತೋರಿಸಿದರು. ಆಮೇಲೆ ತಮ್ಮ ಫೋನ್ ಎತ್ತಿ, ಕರೆ ಮಾಡಲಾ ಅನ್ನುವಂತೆ ನನ್ನ ಮುಖ ನೋಡಿದರು. ನಾನು ಎದ್ದು ನಾಲ್ಕು ಹೆಜ್ಜೆ ಇಟ್ಟು ತೋರಿಸಿದೆ. ನೋವಿತ್ತು, ಊತ ಇರಲಿಲ್ಲ. ಅವರು ನಕ್ಕು, ಮುಷ್ಟಿ ಬಿಗಿದು, "ಗಾ ಯೌ!" ಅಂದರು. ಕ್ಯಾಂಟನೀಸ್‌ನಲ್ಲಿ ಅದರ ನೇರ ಅರ್ಥ 'ಎಣ್ಣೆ ಹಾಕು'. ಹುರಿದುಂಬಿಸಲು ಹೇಳುವ ಮಾತು. ಆಮೇಲೆ ಎಷ್ಟೋ ಏರುಗಳಲ್ಲಿ ಆ ದನಿ ಕಿವಿಯಲ್ಲಿತ್ತು.

ಅಲ್ಲಿಂದ ಮುಂದೆ ಓಟ ಕಮ್ಮಿ, ನಡಿಗೆ ಜಾಸ್ತಿ. ಹಾಮ್ ಟಿನ್ ತೀರದ ಮರಳಿನಲ್ಲಿ ದನಗಳು ಆರಾಮಾಗಿ ಮಲಗಿದ್ದವು. ಹಿಂದೆ ಇಲ್ಲಿನ ರೈತರು ಉಳುಮೆಗೆ ಸಾಕಿದ ದನಗಳ ಸಂತತಿ ಅದು. ಬೇಸಾಯ ಬಿಟ್ಟು ಜನ ಪೇಟೆ ಸೇರಿದರು, ದನಗಳು ಉಳಿದವು. ಇನ್ನೊಂದು ಗುಡ್ಡ ದಾಟಿ ಚೆಕ್ ಕೆಂಗ್ ಹಳ್ಳಿ ತಲುಪಿದರೆ ಮನೆಗಳೂ ಹಾಗೇ, ಬಾಗಿಲು ಮುರಿದು, ಗೋಡೆಗೆ ಬಳ್ಳಿ ಹಬ್ಬಿ ನಿಂತಿವೆ. ಅಂಗಳದಲ್ಲಿ ಓಡಲು ಮನಸ್ಸಾಗಲಿಲ್ಲ. ಮೆಲ್ಲಗೆ ನಡೆದು ದಾಟಿದೆ.

ದಾರಿಯಲ್ಲಿ ಎಲ್ಲೂ ಕಸದ ಡಬ್ಬಿ ಇಲ್ಲ. 2017ರಲ್ಲಿ ಕಾಡುದಾರಿಗಳ ಡಬ್ಬಿಗಳನ್ನೆಲ್ಲ ತೆಗೆದರು, ತಂದ ಕಸ ತಂದವರೇ ಒಯ್ಯಲಿ ಅಂತ. ಒಳ್ಳೆಯ ಕೆಲಸ. ನನ್ನ ಜೇಬಿನಲ್ಲಿ ಖಾಲಿ ಪೊಟ್ಟಣಗಳು ಕೊನೆವರೆಗೂ ಸರಬರ ಅನ್ನುತ್ತಿದ್ದವು.

ಎರಡನೇ ಭಾಗ ಮುಗಿಯುವ ಪಾಕ್ ತಾಮ್ ಔನಲ್ಲಿ ರಸ್ತೆ ಸಿಕ್ಕಾಗ, ಹೊರಟು ಐದು ತಾಸು ಕಳೆದಿತ್ತು. ನೀರು ಮುಗಿದಿತ್ತು. ಬಸ್ಸು ಬರಲು ಇನ್ನೂ ಸಮಯವಿತ್ತು. ರಸ್ತೆಯ ಆಚೆ ಬದಿಯಿಂದ ಮೂರನೇ ಭಾಗದ ದಾರಿ ಮೇಲಕ್ಕೆ ಹೋಗುತ್ತಿತ್ತು. ಕುಂಟುತ್ತಲೇ ರಸ್ತೆ ದಾಟಿ, ಸ್ವಲ್ಪ ದೂರ ಹತ್ತಿ, ಮುಂದಿನ ಕಂಬವನ್ನು ಕೈಯಿಂದ ಮುಟ್ಟಿ ಕೆಳಗಿಳಿದೆ.