ಅಜ್ಜಿ ಕಿವಿಯಲ್ಲೇ ನೋಡಿದ ಸಿನಿಮಾ

ಅಜ್ಜಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಟಿವಿ ನೋಡಬೇಡಿ, ಕಣ್ಣು ಮುಚ್ಚಿ ಮಲಗಿ ಅಂತ ಡಾಕ್ಟರ್ ಹೇಳಿದ್ದರು. ಹಾಲಿನ ದಿವಾನದ ಮೇಲೆ ಮಲಗಿದ್ದರು. ನಾನು ಪಕ್ಕದಲ್ಲಿ ಕೂತು ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್‌ನ ‘ದಿ ಶೈನಿಂಗ್’ ಹಾಕಿದ್ದೆ. 1980ರ ಇಂಗ್ಲಿಷ್ ಹಾರರ್ ಸಿನಿಮಾ, ಮೊದಲೇ ನೋಡಿದ್ದೆ.

ಚಳಿಗಾಲಕ್ಕೆ ಮುಚ್ಚಿದ ದೊಡ್ಡ ಹೋಟೆಲ್. ಒಳಗೆ ಅಪ್ಪ, ಅಮ್ಮ, ಒಬ್ಬ ಪುಟ್ಟ ಹುಡುಗ. ಅವನು ಮೂರು ಚಕ್ರದ ಸೈಕಲ್ ಹತ್ತಿ ಖಾಲಿ ಹೋಟೆಲ್ ಸುತ್ತುತ್ತಾನೆ. ಮಾತೇ ಇಲ್ಲ. ಮರದ ನೆಲದ ಮೇಲೆ ಚಕ್ರ ಗಡಗಡ ಅನ್ನುತ್ತದೆ. ಕಾರ್ಪೆಟ್ ಮೇಲೆ ಬಂದ ಕೂಡಲೇ ಸದ್ದು ಅಡಗುತ್ತದೆ. ಮತ್ತೆ ಮರ, ಮತ್ತೆ ಗಡಗಡ.

“ಏನೋ ಅದು?” ಅಂದರು ಅಜ್ಜಿ.

“ಮಗು ಸೈಕಲ್ ಹೊಡೀತಿದೆ.”

ಮತ್ತೆ ಕಾರ್ಪೆಟ್ ಬಂತು. ಅಜ್ಜಿ ತಲೆ ಎತ್ತಿದರು. “ಸದ್ದು ನಿಂತೇ ಹೋಯ್ತಲ್ಲೋ! ಮಗುಗೆ ಏನಾಯ್ತು?”

ತೆರೆಯ ಮೇಲೆ ಏನೂ ಆಗಿರಲಿಲ್ಲ. ಹುಡುಗ ಆರಾಮಾಗಿ ಪೆಡಲ್ ತುಳಿಯುತ್ತಿದ್ದ. ಆದರೆ ಅಜ್ಜಿಯ ಭಯ ನಿಜ. ಇಂಗ್ಲಿಷ್ ಬಾರದ, ಚಿತ್ರವನ್ನೂ ನೋಡದ ಅವರನ್ನು ಒಂದು ಚಕ್ರದ ಸದ್ದು ಹಿಡಿದು ಅಲ್ಲಾಡಿಸಿತ್ತು. ಗಡಗಡ ಅನ್ನುವಷ್ಟು ಹೊತ್ತು ಮಗು ಇದೆ ಅಂತ ಧೈರ್ಯ. ನಿಂತರೆ ಉಸಿರು ಹಿಡಿಯಬೇಕು. ಈಗಿನ ಎಷ್ಟೋ ಹಾರರ್ ಸಿನಿಮಾಗಳಲ್ಲಿ ಇದ್ದಕ್ಕಿದ್ದಂತೆ ಢಬ್ ಅಂತ ದೊಡ್ಡ ಸದ್ದು ಹಾಕುತ್ತಾರೆ. ಮೈ ಜುಮ್ ಅನ್ನುತ್ತದೆ, ಅಷ್ಟೇ. ನನಗೆ ಅದು ಭಯ ಅನ್ನಿಸೋದೇ ಇಲ್ಲ.

ಕ್ಯಾಮೆರಾ ಎಲ್ಲಿದೆ ಅಂತಲೂ ಅಜ್ಜಿಗೆ ಹೇಳತೊಡಗಿದೆ. ಕ್ಯಾಮೆರಾಮನ್ ಗ್ಯಾರೆಟ್ ಬ್ರೌನ್ ತಾನೇ ಕಂಡುಹಿಡಿದ ಸ್ಟೆಡಿಕ್ಯಾಮನ್ನು, ಅಂದರೆ ಓಡಾಡುತ್ತಾ ತೆಗೆದರೂ ಚಿತ್ರ ಅಲುಗಾಡದಂತೆ ಕ್ಯಾಮೆರಾ ಹಿಡಿಯುವ ಸಾಧನವನ್ನು, ಇಲ್ಲಿ ವ್ಹೀಲ್‌ಚೇರ್‌ಗೆ ಕಟ್ಟಿಸಿಕೊಂಡಿದ್ದ. ಲೆನ್ಸ್ ನೆಲದಿಂದ ಕೆಲವೇ ಇಂಚು ಮೇಲೆ. ಅದು ಹುಡುಗನ ಬೆನ್ನ ಹಿಂದೆಯೇ ಓಡುತ್ತದೆ. ಅಷ್ಟು ಕೆಳಗಿನಿಂದ ನೋಡುವಾಗ ಗೋಡೆ, ಬಾಗಿಲು ಎಲ್ಲ ದೊಡ್ಡದಾಗಿ ಕಾಣುತ್ತವೆ.

ಅಜ್ಜಿ ಸ್ವಲ್ಪ ಹೊತ್ತು ಸುಮ್ನಿದ್ದು ಕೇಳಿದರು: “ಹಾಗಾದ್ರೆ ತಿರುವಿನ ಆಚೆ ಯಾರಿದ್ದಾರೆ ಅಂತ ನಿಂಗೂ ಕಾಣಲ್ಲ ಅಲ್ವಾ?”

ಅದೇ ವಿಷಯ! ಮಗುವಿಗೆ ಕಾಣುವ ಮೊದಲು ನಮಗೆ ಏನೂ ಕಾಣಬಾರದು.

ಇದಕ್ಕೆ ಪೂರ್ತಿ ಉಲ್ಟಾ ಕೋನ ಹಿಚ್‌ಕಾಕ್‌ನ ‘ಸೈಕೋ’ದಲ್ಲಿದೆ (1960). ಪತ್ತೇದಾರ ಮೆಟ್ಟಿಲು ಹತ್ತಿ ಮೇಲೆ ಬಂದು, ಕೊಲೆಗಾರ ಅವನ ಮೇಲೆ ಎರಗುವಾಗ ಕ್ಯಾಮೆರಾ ಸೂರಿನ ಹತ್ತಿರದಿಂದ ಕೆಳಗೆ ನೋಡುತ್ತದೆ. ಕೊಲೆಗಾರನ ಮುಖ ಮುಚ್ಚಿಡೋದು ಒಂದು ಉದ್ದೇಶ. ಜೊತೆಗೆ ಮನುಷ್ಯರು ಚಿಕ್ಕದಾಗಿ ಕಾಣುತ್ತಾರೆ. ಆಗಲೇ ಪಿಟೀಲುಗಳು ಕಿರುಚುತ್ತವೆ, ಮರುಕ್ಷಣ ಪತ್ತೇದಾರನ ಮುಖ ತೆರೆ ತುಂಬಾ. ಬರ್ನಾರ್ಡ್ ಹರ್ಮನ್ ಆ ಸಿನಿಮಾದ ಸಂಗೀತವನ್ನು ಬರೀ ತಂತಿವಾದ್ಯಗಳಲ್ಲೇ ಮಾಡಿದ. ಡೋಲು ಇಲ್ಲ, ತುತ್ತೂರಿ ಇಲ್ಲ. ಕೋನ, ಸದ್ದು ಎರಡನ್ನೂ ಇಷ್ಟು ಹೊಂದಿಸಿದ ದೃಶ್ಯ ನಾನು ಬೇರೆ ನೋಡಿಲ್ಲ.

ಶೈನಿಂಗ್‌ನ ಇನ್ನೊಂದು ಸವಾರಿ ಬಂತು. ಹುಡುಗ ತಿರುವು ದಾಟಿದ. ಕಾರಿಡಾರಿನಲ್ಲಿ ಇಬ್ಬರು ಹುಡುಗಿಯರು ಕೈ ಹಿಡಿದು ನಿಂತಿದ್ದರು. ನಾನು ಹೇಳೋಕೆ ಮುಂಚೆಯೇ ಅಜ್ಜಿ, “ಯಾರೋ ಬಂದ್ರು” ಅಂದರು.

ಸಾಕಾ, ಆಫ್ ಮಾಡ್ಲಾ ಅಂತ ಕೇಳಿದೆ. ಬೇಡ ಅಂದರು. ಕೊನೆವರೆಗೂ ಕಣ್ಣು ಮುಚ್ಚಿಕೊಂಡೇ ಕೇಳಿದರು.

“ಆ ತಾಯಿ ಮಗೂನ ಕರ್ಕೊಂಡು ಹೊರಟ್ಲಾ?”

“ಹೊರಟ್ಲು ಅಜ್ಜಿ. ಇಬ್ರೂ ಪಾರಾದ್ರು.”

ಆಮೇಲೇ ಊಟಕ್ಕೆ ಎದ್ದದ್ದು.